ಜಾಯ್‌ಸ್ಟಿಕ್ ತಾನೇ ಅಲ್ಲಾಡ್ತಿದೆ, ಸಹಾಯ ಬೇಕು (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ್ರೀ. ಮನೆ ಕಂಪ್ಯೂಟರ್‌ನಲ್ಲಿ ಫ್ಲೈಟ್‌ಗೇರ್ ಅನ್ನೋ ವಿಮಾನ ಹಾರಿಸೋ ಸಿಮ್ಯುಲೇಟರ್ ಹಾಕಿಕೊಂಡಿದ್ದೇನೆ. ಪುಕ್ಕಟೆ ಸಿಗುತ್ತೆ, ಅದಕ್ಕೇ. ರಾತ್ರಿ ಊಟ ಆದಮೇಲೆ ಸೆಸ್ನಾ 172 (ಒಂದೇ ಪ್ರೊಪೆಲ್ಲರ್‌ನ ಸಣ್ಣ ವಿಮಾನ) ತಗೊಂಡು ನಮ್ಮ ಗೋಕುಲ ರಸ್ತೆ ಏರ್‌ಪೋರ್ಟಿಗೆ (ಅದರ ಕೋಡ್ ವಿಒಎಚ್‌ಬಿ) ಪೂರ್ವದ ಕಡೆಯಿಂದ ಇಳಿಸೋದು, ಬಲಗಡೆ ಉಣಕಲ್ ಕೆರೆ ಕಾಣಿಸಿದರೆ ಎಷ್ಟು ಖುಷಿ ಅಂತೀರಿ!

ಈಗ ಆ ಖುಷಿ ಹಾಳಾಗಿದೆ. ವೇಗ 65 ನಾಟ್‌ಗೆ ತಂದು, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಇಳಿಸೋ ಪಟ್ಟಿ) ಬಿಟ್ಟು, ಇನ್ನೇನು ರನ್‌ವೇ ಮುಟ್ಟಬೇಕು ಅನ್ನೋವಾಗ ಮೂತಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊಡೆದುಕೊಳ್ಳುತ್ತೆ. ನಿನ್ನೆ ಸೀದಾ ಹುಲ್ಲಿಗೆ ಹೋದೆ. ಮಗಳು ಪಕ್ಕದಲ್ಲಿ ಕೂತು "ಅಪ್ಪಾ, ಪ್ಯಾಸೆಂಜರ್ ಎಲ್ಲಾ ಇಳಿದು ಬಸ್ಸಿಗೆ ಹೋದ್ರು" ಅಂದಳು.

ಒಂಟಿ ಪ್ರೊಪೆಲ್ಲರ್ ವಿಮಾನ ಫುಲ್ ಪವರ್ ಕೊಟ್ಟಾಗ ಎಡಕ್ಕೆ ಎಳೆಯುತ್ತೆ, ಬಲ ರಡರ್ (ಮೂತಿ ಎಡ-ಬಲ ತಿರುಗಿಸೋ ಬಾಲದ ಪಟ್ಟಿ) ಕೊಡಬೇಕು, ಅದು ಗೊತ್ತು. ಇದು ಅದಲ್ಲ, ಯಾಕಂದ್ರೆ ಇಳಿಯುವಾಗ ಪವರ್ ಕಮ್ಮಿ ಇರುತ್ತಲ್ವಾ. ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿ ತೆಗೆದು ನೋಡಿದೆ, ಕೈ ಮುಟ್ಟದೇ ಇದ್ರೂ ಸ್ಟಿಕ್ ತಿರುಚಿ ರಡರ್ ಆಡಿಸೋ ಆಕ್ಸಿಸ್‌ನ ಗೆರೆ ಟಕಟಕ ಕುಣೀತಿದೆ. ಕ್ಯಾಲಿಬ್ರೇಟ್ ಎರಡು ಸಲ ಮಾಡಿದೆ. ಡೆಡ್ ಝೋನ್ (ಸ್ಟಿಕ್ ಸ್ವಲ್ಪ ಅಲ್ಲಾಡಿದ್ರೂ ಲೆಕ್ಕಕ್ಕೆ ತಗೊಳ್ಳದ ಜಾಗ) ಜಾಸ್ತಿ ಮಾಡಿದರೆ ಕುಣಿತ ನಿಲ್ಲುತ್ತೆ, ಆದರೆ ಸಣ್ಣ ತಿದ್ದುಪಡಿಗೆ ರಡರ್ ಸ್ಪಂದಿಸಲ್ಲ.

ಸೆಕೆಂಡ್ ಹ್ಯಾಂಡ್ ಸ್ಟಿಕ್, ಒಳಗೆ ಸ್ಟಿಕ್ ಎಷ್ಟು ತಿರುಗಿತು ಅಂತ ಅಳೆಯೋ ಪೊಟೆನ್ಶಿಯೋಮೀಟರ್‌ಗೆ ಧೂಳು ಕೂತಿರಬೇಕು ಅಂತ ನನ್ನ ಅನುಮಾನ. ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದವರು ಯಾರಾದ್ರೂ ಇದ್ದೀರಾ? ಒಳಗೆ ಸ್ಪ್ರಿಂಗ್ ಹಾರಿ ಹೋಗುತ್ತಾ? ಆ ಸ್ಪ್ರೇ ಹುಬ್ಬಳ್ಳಿ ಇಲ್ಲಾ ಧಾರವಾಡದಲ್ಲಿ ಯಾವ ಕಡೆ ಸಿಗುತ್ತೆ? ಸುಮ್ನೆ ಹೊಸದು ತಗೋ ಅನ್ನಬೇಡ್ರೀ, ಮನೇಲಿ ಆ ಮಾತು ಎತ್ತೋ ಹಾಗಿಲ್ಲ.