ಪದಚರ್ಚೆ: ಅಪ್‌ಡೇಟ್, ನೋಟಿಫಿಕೇಶನ್, ಸಬ್‌ಸ್ಕ್ರೈಬ್ – ರಸ್ತೆ ಅಗೆತದ ಬೋರ್ಡಿಗೆ (ನಾಳೆ ಬೆಳಿಗ್ಗೆಯೊಳಗೆ ಬೇಕು)

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ನಾಳೆ 10 ಗಂಟೆಗೆ ಬೋರ್ಡು ಮೆಷಿನ್ನಿಗೆ ಹೋಗಬೇಕು, ಅದಕ್ಕೇ ಈ ಅವಸರ. ಅಶೋಕ ರಸ್ತೆ ಹತ್ತಿರ ನಮ್ಮದು ಡಿಟಿಪಿ, ಸ್ಟಿಕರ್ ಕಟಿಂಗ್ ಅಂಗಡಿ. ಒಳಚರಂಡಿ ಪೈಪ್ ಹಾಕಲು ರಸ್ತೆ ಅಗೆಯುತ್ತಿರುವ ಗುತ್ತಿಗೆದಾರರೊಬ್ಬರು ಆರಡಿ ಅಗಲ, ನಾಲ್ಕಡಿ ಎತ್ತರದ ತಗಡಿನ ಬೋರ್ಡು ಕೇಳಿದ್ದಾರೆ. ಮಧ್ಯೆ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಕೆಲಸ ಎಷ್ಟಾಗಿದೆ, ಯಾವತ್ತು ಯಾವ ಬೀದಿ ಬಂದ್, ಯಾವತ್ತು ನೀರಿಲ್ಲ ಅನ್ನುವುದೆಲ್ಲ ಫೋನಿನಲ್ಲಿ ಬರುತ್ತದೆ. ನಂಬರ್ ಕೊಟ್ಟವರಿಗೆ ವಾಟ್ಸ್‌ಆ್ಯಪ್ ಮೆಸೇಜೂ ಹೋಗುತ್ತದಂತೆ.

ಅವರ ಇಂಜಿನಿಯರ್ ಕಳಿಸಿದ ಮೆಷಿನ್ ಅನುವಾದ ಇದು: “ಯೋಜನೆಯ ನವೀಕರಣಗಳಿಗಾಗಿ ಸ್ಕ್ಯಾನ್ ಮಾಡಿ. ಅಧಿಸೂಚನೆಗಳಿಗೆ ಚಂದಾದಾರರಾಗಿ. ನೀರು ಸರಬರಾಜಿನಲ್ಲಿ ವ್ಯತ್ಯಯ ಹಾಗೂ ಬದಲಿ ಮಾರ್ಗದ ಮಾಹಿತಿ ಪಡೆಯಿರಿ.”

ಪ್ರೂಫ್ ತೆಗೆದು ಅಂಗಡಿ ಗಾಜಿಗೆ ಅಂಟಿಸಿದ್ದೆ. ಹಿಂದಿನ ಗಲ್ಲಿಯ ತಾತ ಒಬ್ಬರು ಸೈಕಲ್ ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿದರು. “ಏನಮ್ಮಾ, ನೋಟಿಫಿಕೇಶನ್ ಆಗೋಯ್ತಾ? ನಮ್ ಮನೆ ಮುಂದೆ ಎಷ್ಟಡಿ ಹೋಗ್ತೈತೆ?” ಅಂದರು. ಜಾಗ ಹೋಗಲ್ಲ ತಾತ, ಬರೀ ಮೆಸೇಜು ಅಂದೆ. ಬೆರಳು ಮುಂದಿನ ಪದಕ್ಕೆ ಸರಿಯಿತು. “ಮತ್ತೆ ಚಂದಾ ಯಾಕೆ? ಗಣೇಶಂಗೆ ಮೊನ್ನೆ ತಾನೆ ಕೊಟ್ಟಿವ್ನಿ.”

ಹಾಗಾಗಿ ಅಧಿಸೂಚನೆಯೂ ಬೇಡ, ಚಂದಾದಾರರೂ ಬೇಡ. ‘ನವೀಕರಣ’ವೂ ನನಗೆ ಹಿಡಿಸಿಲ್ಲ. ದೇವಸ್ಥಾನ ನವೀಕರಣ, ಲೈಸೆನ್ಸ್ ನವೀಕರಣ ಕೇಳಿದ್ದೇವೆ. ಅಗೆದ ರಸ್ತೆ ಮುಂದೆ ಆ ಪದ ಕಂಡರೆ ಇನ್ನೊಮ್ಮೆ ಅಗೆಯುತ್ತಾರೆ ಎಂದೇ ಜನ ತಿಳಿಯುತ್ತಾರೆ. ಬೇರೆ ಪದ ಹೇಳಿ. ಅಕ್ಷರ ಕಡಿಮೆ ಇದ್ದಷ್ಟೂ ಒಳ್ಳೆಯದು.

ತಿಪಟೂರಿನಿಂದ:

ಅಧಿಸೂಚನೆ ಗೆಜೆಟ್ಟಿನ ಮಾತು. ಬೋರ್ಡಿಗೆ ಸಲ್ಲದು. ಅದರ ಚರ್ಚೆ ಬೇಡ.

ಅಪ್‌ಡೇಟಿಗೆ ‘ಸುದ್ದಿ’ ಸಾಕು. ಅದು ‘ಶುದ್ಧಿ’ಯ ತದ್ಭವ, 1894ರ ಕಿಟೆಲ್ ನಿಘಂಟು ತೆರೆದು ನೋಡಿ. ಗಾಳಿಮಾತನ್ನು ಸೋಸಿ ಉಳಿದದ್ದೇ ಸುದ್ದಿ ಎಂದು ನಾನು ಮೊದಲಿಂದ ಹೇಳುತ್ತಾ ಬಂದಿದ್ದೇನೆ.

> ನೀರು ಸರಬರಾಜಿನಲ್ಲಿ ವ್ಯತ್ಯಯ

ಇದನ್ನು ಬರೆದವರಿಗೆ ಸಂಸ್ಕೃತವೂ ಬಾರದು, ಕನ್ನಡವೂ ಬಾರದು. ವ್ಯತ್ಯಯ ಅಂದರೆ ತಲೆಕೆಳಗಾಗುವುದು. ಬುಗುಡನಹಳ್ಳಿ ಕೆರೆಯಿಂದ ನಿಮ್ಮ ನಲ್ಲಿಗೆ ಬರುವ ನೀರು ನಲ್ಲಿಯಿಂದ ಬುಗುಡನಹಳ್ಳಿಗೆ ವಾಪಸ್ ಹೊರಟರೆ ಅದು ವ್ಯತ್ಯಯ. ‘ನೀರು ಬರುವುದಿಲ್ಲ’ ಎನ್ನಲು ಯಾರ ಭಯ?

‘ಬದಲಿ ಮಾರ್ಗ’ವೂ ತಪ್ಪು. ಅರಬ್ಬಿಯ ಬದಲಿಗೆ ಸಂಸ್ಕೃತದ ಮಾರ್ಗ ಗಂಟು ಹಾಕಿದ್ದಾರೆ. ಕನ್ನಡ-ಸಂಸ್ಕೃತ ಬೆರೆಸಿದರೇ ಅರಿಸಮಾಸ ಎಂದು ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ಸಿಡುಕಿದ್ದ, ಇದಕ್ಕೇನೆನ್ನುತ್ತಿದ್ದನೋ. ‘ಬಳಸುದಾರಿ’ ಎನ್ನಿ.

ಬೆಂಗಳೂರಿನಿಂದ (ಊರು ಗುಬ್ಬಿ):

ಮೇಷ್ಟ್ರೇ, ಚರ್ಚೆ ಬೇಡ ಎಂದರೆ ಹೇಗೆ? ಎಷ್ಟೋ ಆಂಡ್ರಾಯ್ಡ್ ಫೋನುಗಳನ್ನು ಕನ್ನಡಕ್ಕೆ ತಿರುಗಿಸಿದರೆ ‘ಅಧಿಸೂಚನೆಗಳು’ ಎಂದೇ ಬರುತ್ತದೆ. ಬೋರ್ಡಿನಲ್ಲಿ ಒಂದು, ಫೋನಿನಲ್ಲಿ ಇನ್ನೊಂದು ಆದರೆ ಗೊಂದಲ.

‘ಬಳಸುದಾರಿ’ ಅಂತೂ ಅಪಾಯ. ಗಾಡಿ ಓಡಿಸುವವನಿಗೆ ‘ಬಳಸುವ ದಾರಿ’ ಅನ್ನಿಸಿ ನೇರ ಗುಂಡಿಗೇ ಹೋಗುತ್ತಾನೆ.

ನನ್ನ ಕೇಳಿದರೆ ಅನುವಾದವೇ ಬೇಡ. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆ ಹೆಸರನ್ನು ಯಾರೂ ಕನ್ನಡಿಸಲಿಲ್ಲ, ಅರ್ಥವಾಗಲಿಲ್ಲ ಎಂದು ಯಾರೂ ಅಳಲೂ ಇಲ್ಲ. ನ್ಯೂಯಾರ್ಕಿನವರು ಊರಿನ ದೂರು, ವಿಚಾರಣೆಗೆಲ್ಲ 2003ರಲ್ಲಿ ಒಂದೇ ಫೋನ್ ನಂಬರ್ ಮಾಡಿದಾಗ ಪದವನ್ನೇ ಹುಡುಕಲಿಲ್ಲ, 311 ಅಂದು ಮುಗಿಸಿದರು. ‘ಅಪ್‌ಡೇಟ್’ ಅಂತಲೇ ಹಾಕಿ. ಆದರೆ ಪುಟದಲ್ಲಿ ತಾರೀಕು ಇರಲಿ. ಯಾವತ್ತು ತಿದ್ದಿದ್ದು ಎಂದು ಕಾಣದಿದ್ದರೆ ಯಾವ ಪದ ಹಾಕಿಯೂ ಉಪಯೋಗವಿಲ್ಲ.

ಶಿರಾದಿಂದ:

> ಬೋರ್ಡಿನಲ್ಲಿ ಒಂದು, ಫೋನಿನಲ್ಲಿ ಇನ್ನೊಂದು

ಕನ್ನಡದಲ್ಲಿ ಫೋನ್ ಇಟ್ಟುಕೊಂಡವರನ್ನು ನಾನು ಕಂಡಿದ್ದು ಇಬ್ಬರನ್ನು. ಅದರಲ್ಲಿ ಒಬ್ಬ ನಾನೇ.

ತಂಗಿ, ನೀವು ನಾಮಪದ ಹುಡುಕುತ್ತಿದ್ದೀರಿ, ತೊಡಕು ಅಲ್ಲೇ ಇದೆ. ನಮ್ಮ ಕಡೆ ನರೇಗಾ ಬೋರ್ಡುಗಳನ್ನು ನೋಡಿ: ಅಂದಾಜು ಮೊತ್ತ, ಮಾನವ ದಿನಗಳು, ಕಾಮಗಾರಿಯ ಹೆಸರು. ಒಂದಾದರೂ ಕ್ರಿಯಾಪದ ಇದೆಯಾ? ಪೈಪ್ ಕೆಲಸದ ಮುಂದೆ ನಿಂತ ಮನುಷ್ಯ ಏನು ಕೇಳುತ್ತಾನೆ? “ಕೆಲಸ ಎಲ್ಲಿಗೆ ಬಂತು?” ಅಪ್‌ಡೇಟಿಗೆ ಅದೇ ಕನ್ನಡ. ಅದನ್ನೇ ದಪ್ಪಕ್ಷರದಲ್ಲಿ ಹಾಕಿ, ಕೆಳಗೆ “ಫೋನಿನಲ್ಲಿ ನೋಡಿ” ಅಂದುಬಿಡಿ. ಸಬ್‌ಸ್ಕ್ರೈಬಿಗೆ “ನಂಬರ್ ಕೊಡಿ, ಮೆಸೇಜ್ ಬರುತ್ತದೆ”. ಡೈವರ್ಶನ್ನಿಗೆ “ಈ ದಾರಿ ಬಂದ್, ಹೀಗೆ ಹೋಗಿ”, ಪಕ್ಕದಲ್ಲಿ ಬಾಣ. ಬಾಣಕ್ಕೆ ವ್ಯುತ್ಪತ್ತಿ ಕೇಳುವವರು ಮೇಷ್ಟ್ರು ಮಾತ್ರ.

ಮೇಷ್ಟ್ರ ಅರಿಸಮಾಸದ ವಿಷಯ. ರಸ್ತೆ ಪಾರಸಿ, ಸರಬರಾಜು ಪಾರಸಿ, ಚಂದಾ ಪಾರಸಿ. ‘ಕಾಮಗಾರಿ’ ಮರಾಠಿ ಕಡೆಯಿಂದ ಬಂದದ್ದು, ಅದರ ಬಾಲವೂ ಪಾರಸಿ. ಇಂಥ ಬೋರ್ಡುಗಳಲ್ಲಿ ‘ನೀರು’ ಬಿಟ್ಟರೆ ಅಚ್ಚಗನ್ನಡ ಅಂತ ಇರುವುದು ‘ಗುತ್ತಿಗೆ’ ಒಂದು. ಅದಕ್ಕೂ ‘ದಾರ’ ಪೋಣಿಸಿ ಗುತ್ತಿಗೆದಾರ ಮಾಡಿದ್ದೇವೆ. ಇದನ್ನು ಬಿಡಿಸುತ್ತಾ ಕೂತರೆ ಉಳಿಯುವುದು ಖಾಲಿ ತಗಡು.

ತಿಪಟೂರಿನಿಂದ:

ಪಾರಸಿ ಬೇಡ ಎಂದು ನಾನು ಎಲ್ಲೂ ಹೇಳಿಲ್ಲ. ಜೀರ್ಣವಾದದ್ದು ಬೇರೆ, ನುಂಗಿದ್ದು ಬೇರೆ. ‘ರಸ್ತೆ’ ನಮ್ಮ ವಿಭಕ್ತಿ ಹೊತ್ತು ಓಡಾಡುತ್ತದೆ, ‘ಅಪ್‌ಡೇಟ್ಸ್’ಗೆ ಇಂಗ್ಲಿಷಿನ ಬಹುವಚನವೇ ಕಳಚಿಲ್ಲ.

“ಎಲ್ಲಿಗೆ ಬಂತು” ಮಾತು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಓದಿದವನ ಬಾಯಲ್ಲಿ, ಕೆಲಸ ಇದ್ದಲ್ಲೇ ಇದೆ ಎಂದು ಅಣಕಿಸುವ “ಎಲ್ಲಿಗೆ ಬಂತು ಸಂಗಯ್ಯಾ” ಗಾದೆ ತಾನಾಗಿ ಬರುತ್ತದೆ. ಇಂಜಿನಿಯರ್ ಒಪ್ಪುತ್ತಾರಾ?

ಗುಬ್ಬಿಯವರಿಗೆ: ಅಳದಿದ್ದರೆ ಅರ್ಥವಾಗಿದೆ ಎಂದಲ್ಲ.

ಬೆಂಗಳೂರಿನಿಂದ (ಊರು ಗುಬ್ಬಿ):

ನಾನು ‘ಅಪ್‌ಡೇಟ್’ ಅಂದೆ, ‘ಅಪ್‌ಡೇಟ್ಸ್’ ಅನ್ನಲಿಲ್ಲ. ಅಪ್‌ಡೇಟಿಗೆ, ಅಪ್‌ಡೇಟಿನಲ್ಲಿ. ವಿಭಕ್ತಿ ಸಾಕಾ ಮೇಷ್ಟ್ರೇ?

ತುಮಕೂರಿನಿಂದ:

ಬೋರ್ಡು ಕಟ್ ಆಯಿತು, ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ಹೋದದ್ದು ಇದು:

ಕೆಲಸ ಎಲ್ಲಿಗೆ ಬಂತು? ಫೋನಿನಲ್ಲಿ ನೋಡಿ.
ನೀರು ಬರದ ದಿನ, ಬಂದ್ ಆಗುವ ಬೀದಿ – ಮೊದಲೇ ತಿಳಿಯಲು ನಂಬರ್ ಕೊಡಿ.

ಇಂಜಿನಿಯರ್‌ಗೆ ಸಂಗಯ್ಯ ಗೊತ್ತಿಲ್ಲ, ಬೆಳಗಾವಿ ಕಡೆಯವರು ಬೇರೆ, ನಕ್ಕು ಓಕೆ ಅಂದರು. ತಾತನಿಗೂ ತೋರಿಸಿದೆ. “ಇದು ಸರಿ. ನಂಬರ್ ಕೊಟ್ರೆ ಲೋನ್ ಬೇಕಾ ಅಂತ ಫೋನ್ ಬರಲ್ಲ ತಾನೆ?” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ತಕರಾರು ಬಂದದ್ದು ಒಳಗಿನ ಪುಟಕ್ಕೆ. ಒಂದೊಂದು ಬೀದಿಯ ಮುಂದೆ ತೋರಿಸಲು ನಾನು ನಾಲ್ಕು ಮಾತು ಕೊಟ್ಟಿದ್ದೆ: ಶುರುವಾಗಬೇಕು, ನಡೆಯುತ್ತಿದೆ, ನಿಂತಿದೆ, ಮುಗಿದಿದೆ. ‘ನಿಂತಿದೆ’ ತೆಗೆಯಿರಿ ಅಂದರು ಇಂಜಿನಿಯರ್. ಹಾಗಾದರೆ ನಿಂತಿರುವ ಬೀದಿಗೆ ಏನು ಹಾಕಲಿ ಎಂದು ಕೇಳಿದೆ.

‘ಪ್ರಗತಿಯಲ್ಲಿದೆ’ ಅಂತೆ.

ತಿಪಟೂರಿನಿಂದ:

ಅದೇ ವ್ಯತ್ಯಯ.