ಈ ವಾರದ ಸಮಸ್ಯೆ (ಈ ಕೊನೆಯ ಸಾಲಿಗೆ ಹೊಂದುವಂತೆ ಮೇಲಿನ ಸಾಲುಗಳನ್ನು ಬರೆದು ಪದ್ಯ ಪೂರಣ ಮಾಡಿ): ಗಲ್ಲುಮರದಲಿ ತೊಟ್ಟಿಲಾಡಿತು ಜೋಜೊ ಜೋಯೆನುತ

ಸಮಸ್ಯೆ ಕೊಟ್ಟವಳು (ಹುಡುಗನ ಚಿಕ್ಕಮ್ಮ):
ನಮಸ್ಕಾರ ಎಲ್ಲರಿಗೂ. ಈ ಸಲದ ಸಾಲು ನನ್ನದಲ್ಲ, ಒಂಬತ್ತನೇ ಕ್ಲಾಸಿನಲ್ಲಿರುವ ನನ್ನ ಅಕ್ಕನ ಮಗನದು. ಅವನ ಶಾಲೆಯಲ್ಲಿ ಕ್ರಾಂತಿಕಾರಿಯೊಬ್ಬರ ಮೇಲೆ ‘ಮಹಾಕಾವ್ಯ’ ಬರೆದು ತರಲು ಹೇಳಿದ್ದಾರೆ. ಮಹಾಕಾವ್ಯ ಅಂದರೆ ಹತ್ತು ಪದ್ಯ! ಇವನು ಸಂಗೊಳ್ಳಿ ರಾಯಣ್ಣನನ್ನು ಆರಿಸಿಕೊಂಡ. ಭಾಮಿನಿ ಷಟ್ಪದಿಯಲ್ಲಿ ಒಂಬತ್ತು ಪದ್ಯ ಮುಗಿಸಿದ್ದಾನೆ. ಹತ್ತನೆಯದಕ್ಕೆ ಕೊನೆಯ ಸಾಲು ಮಾತ್ರ ಹೊಳೆದಿದೆ, ಮೇಲಿನ ಐದು ಬರುತ್ತಿಲ್ಲ. ಆ ಸಾಲಿನ ಅರ್ಥ ಏನೋ ಎಂದರೆ ಬಾಯಿ ಬಿಡುವುದಿಲ್ಲ. ಅದಕ್ಕೇ ಅವನ ಒಪ್ಪಿಗೆ ಕೇಳಿ ಇಲ್ಲಿಗೆ ತಂದೆ.

ಪ್ರಾಸಾಕ್ಷರ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ, ‘ಲ್ಲ’. ಹೊಸಬರಿಗೆ ಮಾತ್ರೆಗಳ ಲೆಕ್ಕ: ಗಲ್ಲು (3) ಮರದಲಿ (4) ತೊಟ್ಟಿ (3) ಲಾಡಿತು (4) ಜೋಜೊ (3) ಜೋಯೆನು (4), ಕೊನೆಗೊಂದು ಗುರು (ಸಾಲಿನ ಕೊನೆಯ ‘ತ’ವನ್ನು ಎರಡು ಮಾತ್ರೆ ಎಂದೇ ಎಣಿಸಬೇಕು).

ನಿವೃತ್ತ ಮೇಷ್ಟ್ರು:
ಸಾಲು ಚೆನ್ನಾಗಿದೆಯಮ್ಮ. ಸಮಸ್ಯೆ ಅಂದರೆ ಹೀಗಿರಬೇಕು, ಕೇಳಿದ ತಕ್ಷಣ ‘ಹೀಗೂ ಉಂಟೆ’ ಅನ್ನಿಸಬೇಕು. ಒಂದು ಕುತೂಹಲ. ರಾಯಣ್ಣನ ಕತೆಗೆ ಭಾಮಿನಿಯನ್ನೇ ಯಾಕೆ ಹಿಡಿದ? ‘ರಾಯಣ್ಣ’ ಐದು ಮಾತ್ರೆ. ಮೂರು–ನಾಲ್ಕರ ನಡಿಗೆಯಲ್ಲಿ ಆ ಹೆಸರು ಸಲೀಸಾಗಿ ಕೂರುವುದಿಲ್ಲ. ವಾರ್ಧಕ ಷಟ್ಪದಿಗೆ ಬನ್ನಿ, ಅಲ್ಲಿ ಐದೈದರ ಗಣ:

ಸಂಗೊಳ್ಳಿ ರಾಯಣ್ಣ ಕಿತ್ತೂರ ಚೆನ್ನಮ್ಮ

ಐದು, ಐದು, ಐದು, ಐದು. ಬರೀ ಎರಡು ಹೆಸರು ಹೇಳಿದರೆ ವಾರ್ಧಕದ ಒಂದು ಸಾಲು ಪೂರ್ತಿ!

ಚಿಕ್ಕಮ್ಮ:
ಅಯ್ಯೋ ಮೇಷ್ಟ್ರೇ, ಇದನ್ನು ಅವನಿಗೆ ಹೇಳಿದರೆ ಒಂಬತ್ತೂ ಪದ್ಯ ಹರಿದು ಹಾಕುತ್ತಾನೆ. ಸೋಮವಾರ ಒಪ್ಪಿಸಬೇಕು. ಸುಮ್ನಿರಿ.

ನಾಟಕದ ಮೇಡಂ:
ಮೊದಲು ನನ್ನದು ಹಾಕಿಬಿಡುತ್ತೇನೆ, ಆಮೇಲೆ ಗಂಭೀರದವರು ಬರಲಿ. ಶಾಲಾ ವಾರ್ಷಿಕೋತ್ಸವದಲ್ಲಿ ನಿಜವಾಗಿ ಪಟ್ಟ ಪಾಡಿದು. ಮೊದಲ ದೃಶ್ಯದ ತೊಟ್ಟಿಲನ್ನು ಬಿಚ್ಚಲು ಮರೆತಿದ್ದೆವು.

ಬೆಲ್ಲು ಹೊಡೆಯಿತು ಪರದೆ ಸರಿಯಿತು
ಎಲ್ಲ ಮಕ್ಕಳು ವೇಷ ತೊಟ್ಟರು
ಬಿಲ್ಲು ಕತ್ತಿಯ ಹಿಡಿದ ರಾಯಣ ಬಂದ ರಂಗಕ್ಕೆ
ಹಲ್ಲು ಬಿಟ್ಟರು ಜನರು ಯಾಕೆನೆ
ಇಲ್ಲ ನೇಣಿನ ಹಗ್ಗ, ಬದಲಿಗೆ
ಗಲ್ಲುಮರದಲಿ ತೊಟ್ಟಿಲಾಡಿತು ಜೋಜೊ ಜೋಯೆನುತ

ಮೇಷ್ಟ್ರು:
‘ಬೆಲ್ಲು’ ಪ್ರಾಸಕ್ಕೆ ಸಿಕ್ಕ ಬೆಲ್ಲ. ಆದರೆ ‘ರಾಯಣ’ ಎಂದು ಒತ್ತು ಕಿತ್ತಿದ್ದೀರಿ. ನೋಡಿ, ನಾನು ಹೇಳಿದ್ದು ಇದೇ ತೊಂದರೆ.

ನಾಟಕದ ಮೇಡಂ:
ಒತ್ತು ಕಿತ್ತಿದ್ದಕ್ಕೆ ಒಂದು ಅಂಕ ಕಳೆಯಿರಿ ಸಾರ್. ಹುಡುಗರು ನಕ್ಕಿದ್ದಕ್ಕೆ ಎರಡು ಕೊಡಿ.

ಶಿವಮೊಗ್ಗದ ಅಣ್ಣ:
ನಾನು ‘ಮರ’ ಎಂಬ ಮಾತನ್ನು ಹಿಡಿದೆ. ಮರ ಅಂದರೆ ನಿಂತ ಮರವೂ ಹೌದು, ಕೊಯ್ದ ಮರವೂ ಹೌದು. ‘ತೇಗದ ಮರದಲ್ಲಿ ಬಾಗಿಲು ಮಾಡಿಸಿದೆ’ ಎನ್ನುವುದಿಲ್ವಾ? ಹಾಗೆ.

ಕಲ್ಲು ಕರಗುವ ಕತೆಯ ಕೇಳಿದ
ಬಲ್ಲ ಬಡಗಿಯು ಬಿದ್ದ ಕೊಂಬೆಯ
ಹುಲ್ಲುಗಾಡಿಯಲಿಟ್ಟು ತಂದನು ಸಂಜೆಯಾಗುತಲಿ
ಎಲ್ಲ ಗಂಟನು ಕೆತ್ತಿ ನೀವಿದ
ನಲ್ಲೆ ಹೆತ್ತಿಹ ಕೂಸ ಮಲಗಿಸೆ
ಗಲ್ಲುಮರದಲಿ ತೊಟ್ಟಿಲಾಡಿತು ಜೋಜೊ ಜೋಯೆನುತ

ಮೇಷ್ಟ್ರು:
ಜಾಣತನ ಇದೆ. ಆದರೆ ರಾಯಣ್ಣನನ್ನು ಗಲ್ಲಿಗೆ ಹಾಕಿದ್ದು ಆಲಕ್ಕೆ. ಆಲದ ಮರದಲ್ಲಿ ಯಾವ ಬಡಗಿ ತೊಟ್ಟಿಲು ಮಾಡುತ್ತಾನಪ್ಪ?

ಶಿವಮೊಗ್ಗದ ಅಣ್ಣ:
ಅದಕ್ಕೇ ಮರದ ಹೆಸರು ಹಾಕಲಿಲ್ಲ ಸಾರ್.

ಚಿಕ್ಕಮ್ಮ:
ಹುಡುಗ ನನ್ನ ಪಕ್ಕದಲ್ಲೇ ಕೂತು ಎಲ್ಲ ಓದುತ್ತಿದ್ದಾನೆ. ಎರಡಕ್ಕೂ ನಕ್ಕ. ‘ಅದಲ್ಲ’ ಎನ್ನುತ್ತಾನೆ ಅಷ್ಟೇ. ಅವನ ಒಂಬತ್ತು ಪದ್ಯದಲ್ಲಿ ಏನಿದೆ ಎಂದು ಕೆಲವರು ಕೇಳಿದ್ದೀರಿ. ಮೊದಲನೆಯದು 15 ಆಗಸ್ಟ್‌ಗೆ ಹುಟ್ಟಿದ, 26 ಜನವರಿಗೆ ಗಲ್ಲಿಗೇರಿದ ಎಂಬುದು. ಎರಡು ಮೂರು ಕಿತ್ತೂರಿನ ಯುದ್ಧ, 1824ರ ಅಕ್ಟೋಬರ್, ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತದ್ದು. ಆಮೇಲೆ ಬೈಲಹೊಂಗಲದ ಸೆರೆಯಲ್ಲಿ ರಾಣಿ ಚೆನ್ನಮ್ಮ, 1829ರಲ್ಲಿ ಅವಳ ಸಾವು. ಉಳಿದದ್ದು ರಾಯಣ್ಣನ ಕಾಡಿನ ಕಾಳಗ. ನಿಜ ಹೇಳಬೇಕೆಂದರೆ ಮೊದಲ ಮೂರು ಪದ್ಯ ಪಾಠಪುಸ್ತಕದ ಹಾಗಿವೆ. ಏಳನೆಯದು ಪರವಾಗಿಲ್ಲ. ಬೀಡಿ, ಸಂಪಗಾವಿಯ ಸರ್ಕಾರಿ ಕಚೇರಿಗಳ ಮೇಲೆ ಬಿದ್ದು ದಫ್ತರ ಸುಡುವ ಭಾಗ.

ಮೇಷ್ಟ್ರು:
ಆಗಸ್ಟ್ 15, ಜನವರಿ 26 ಕ್ಲಾಸಿನ ನಲವತ್ತು ಮಕ್ಕಳೂ ಬರೆಯುತ್ತಾರೆ. ತಿದ್ದಿ ತಿದ್ದಿ ನನಗೇ ಸಾಕಾಗಿತ್ತು. ದಫ್ತರ ಸುಡುವುದನ್ನು ಬಿಡಬೇಡ ಅನ್ನಿ. ರಾಯಣ್ಣ ಶೇತಸನದಿ. ಊರ ಕಾವಲಿಗೆ ಅಂತ ಹೊಲ ಪಡೆದವನು. ಕುಂಪಣಿ (ಈಸ್ಟ್ ಇಂಡಿಯಾ ಕಂಪನಿ) ಆ ಹೊಲವನ್ನೂ ಕಿತ್ತುಕೊಂಡಿತು, ಉಳಿದದ್ದಕ್ಕೆ ಭಾರಿ ಕಂದಾಯ ಹಾಕಿತು. ಯಾರ ಹೊಲ ಎಷ್ಟು, ಯಾರು ಎಷ್ಟು ಕೊಡಬೇಕು, ಎಲ್ಲ ಇದ್ದದ್ದು ಆ ಕಾಗದಗಳಲ್ಲಿ. ಅವನು ಬೆಂಕಿ ಇಟ್ಟದ್ದು ಬರೀ ಕಟ್ಟಡಕ್ಕಲ್ಲ.

ಮೈಸೂರಿನ ಪಂಡಿತರ ಮಗಳು:
ನಾನು ಸ್ವಲ್ಪ ತಲೆಹರಟೆ ಮಾಡಲೇ? ಮಹಾಕಾವ್ಯ ಅಂದಮೇಲೆ ಅಷ್ಟಾದಶ ವರ್ಣನೆ ಬೇಕು. ನಗರ, ಸಮುದ್ರ, ಬೆಟ್ಟ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನ, ಜಲಕ್ರೀಡೆ… ಹೀಗೆ ಹದಿನೆಂಟು. ಹುಡುಗನ ಕಾವ್ಯದಲ್ಲಿ ಜಲಕ್ರೀಡೆ ಎಲ್ಲಿದೆ?

ಖಾನಾಪುರದ ಅಕ್ಕ:
ಇದೆಯಲ್ಲ. 1830ರ ಏಪ್ರಿಲ್. ರಾಯಣ್ಣನನ್ನು ನಮ್ಮವರೇ ಹಿಡಿದುಕೊಟ್ಟದ್ದು. ಕತ್ತಿ ದಂಡೆಯ ಮೇಲಿಟ್ಟು ಹಳ್ಳದಲ್ಲಿ ಸ್ನಾನ ಮಾಡುವಾಗ ಹಿಡಿದರು ಎಂದು ನಮ್ಮ ಕಡೆ ಹೇಳುತ್ತಾರೆ.

ಪಂಡಿತರ ಮಗಳು:
ಅಯ್ಯೋ. ಸುಮ್ನೆ ತಮಾಷೆಗೆ ಕೇಳಿದೆ ಅಕ್ಕ. ಇದು ನನಗೆ ಹೊಳೆದೇ ಇರಲಿಲ್ಲ.

ಮೇಷ್ಟ್ರು:
ನಿಮ್ಮ ತಲೆಹರಟೆ ಒಳ್ಳೆಯದೇ ಮಾಡಿತು. ಆ ಹದಿನೆಂಟರ ಪಟ್ಟಿಯಲ್ಲಿ ಇನ್ನೂ ಎರಡಿವೆ: ಕುಮಾರೋದಯ, ನಾಯಕಾಭ್ಯುದಯ. ಮಗ ಹುಟ್ಟಬೇಕು, ನಾಯಕ ಗೆಲ್ಲಬೇಕು. ರಾಯಣ್ಣನನ್ನು 1831ರ ಜನವರಿಯಲ್ಲಿ ಗಲ್ಲಿಗೆ ಹಾಕಿದರು. ಹಾಗಾದರೆ ಅಭ್ಯುದಯ ಎಲ್ಲಿಂದ ತರೋಣ? ಹುಡುಗನ ಸಾಲು ಇಲ್ಲೇ ಎಲ್ಲೋ ಸುತ್ತುತ್ತಿದೆ ಅನ್ನಿಸುತ್ತಿದೆ. ಸದ್ಯಕ್ಕೆ ನನಗೆ ಕಂಡದ್ದು ಇದು. ತಾಯಿಯ ಕಣ್ಣಿನಿಂದ.

ಕಲ್ಲಿನೆದೆಯವರೆಳೆಯೆ ಹಗ್ಗವ
ಮೆಲ್ಲನೊಲೆಯಿತು ಮಗನ ದೇಹವು
ಸೊಲ್ಲು ಹೊರಡದೆ ನಿಂತ ತಾಯಿಯು ಕಣ್ಣ ಮುಚ್ಚಿದಳು
ಅಲ್ಲಿ ತೋರಿತು ಹಳೆಯ ಮನೆಯೊಳು
ಗುಲ್ಲು ಮಾಡುವ ಕೂಸಿನಾಟವು
ಗಲ್ಲುಮರದಲಿ ತೊಟ್ಟಿಲಾಡಿತು ಜೋಜೊ ಜೋಯೆನುತ

ನಾಟಕದ ಮೇಡಂ:
ನನ್ನ ಪದ್ಯ ಅಳಿಸಿಬಿಡಲೇ ಅನ್ನಿಸಿತು ಮೇಷ್ಟ್ರೇ.

ಶಿವಮೊಗ್ಗದ ಅಣ್ಣ:
ಆ ದಿನ ತಾಯಿ ಕೆಂಚವ್ವ ಅಲ್ಲಿದ್ದಳಾ?

ಮೇಷ್ಟ್ರು:
ನಾನು ಬರೆದದ್ದು ಪೂರಣ, ಪಂಚನಾಮೆ ಅಲ್ಲ.

ಖಾನಾಪುರದ ಅಕ್ಕ:
ನಾನು ಇಷ್ಟು ಹೊತ್ತು ತಡೆದುಕೊಂಡಿದ್ದೆ. ನೀವೆಲ್ಲ ಇದನ್ನು ಒಗಟು ಅಂದುಕೊಂಡಿದ್ದೀರಿ. ನಮ್ಮ ಕಡೆಯವರಿಗೆ ಇದರಲ್ಲಿ ಒಗಟೇ ಇಲ್ಲ. ರಾಯಣ್ಣನನ್ನು ಗಲ್ಲಿಗೆ ಹಾಕಿದ ನಂದಗಡಕ್ಕೆ ಬನ್ನಿ. ರಾಯಣ್ಣನ ಆಲಕ್ಕೆ ತೊಟ್ಟಿಲು ಕಟ್ಟುತ್ತಾರೆ. ಸಣ್ಣ ಸಣ್ಣ ಮರದ ತೊಟ್ಟಿಲು. ಮಕ್ಕಳಾಗದವರ ಹರಕೆ. ಅವನ ಸಮಾಧಿಯ ಮೇಲೆ ಗೆಳೆಯನೊಬ್ಬ ಆಲದ ಸಸಿ ನೆಟ್ಟ, ಅದೇ ಇಷ್ಟು ದೊಡ್ಡದಾಯಿತು ಎಂದು ಹೇಳುತ್ತಾರೆ. ಗಲ್ಲಿಗೆ ಹಾಕಿದ್ದೂ ಆಲಕ್ಕೇ, ಅದು ಬೇರೆ ಮರ. ಹರಕೆ ಹೊರುವ ಹೆಣ್ಣುಮಕ್ಕಳು ಈ ಲೆಕ್ಕ ಹಾಕುತ್ತಾ ನಿಲ್ಲುವುದಿಲ್ಲ. ರಾಯಣ್ಣನಂಥ ಮಗ ಬೇಕು ಅಷ್ಟೇ.

ಪಂಡಿತರ ಮಗಳು:
ಕುಮಾರೋದಯ!

ಮೇಷ್ಟ್ರು:
ನಿಧಾನ, ನಿಧಾನ. ಹುಡುಗ ನಂದಗಡಕ್ಕೆ ಹೋಗಿದ್ದನೇನಮ್ಮ?

ಚಿಕ್ಕಮ್ಮ:
ಈಗ ಬಾಯಿ ಬಿಟ್ಟ. ಹೋದ ವರ್ಷ ಅಜ್ಜಿಯ ಜೊತೆ ಹೋಗಿದ್ದನಂತೆ. ಗಾಳಿಗೆ ಅವು ಅಲ್ಲಾಡುವುದನ್ನು ನೋಡಿ ‘ಒಳಗೆ ಯಾರೂ ಇಲ್ಲ, ಯಾರು ತೂಗುತ್ತಾರೆ’ ಎಂದು ಕೇಳಿದ್ದನಂತೆ. ಶಾಲೆಯಲ್ಲಿ ಇದನ್ನು ಬರೆದರೆ ‘ಇದು ಇತಿಹಾಸ ಅಲ್ಲ’ ಎಂದು ಕೆಂಪು ಗೆರೆ ಎಳೆಯುತ್ತಾರೇನೋ ಎಂದು ಹೆದರಿ ಕೂತಿದ್ದ. ಅಕ್ಕನ ಮಾತು ಓದಿದ ಮೇಲೆ ಒಳಗೆ ಹೋದ. ಬಾಗಿಲು ಹಾಕಿಕೊಂಡ. ಮುಕ್ಕಾಲು ಗಂಟೆ. ಊಟಕ್ಕೂ ಬರಲಿಲ್ಲ. ಇಗೋ, ಒಂದಕ್ಷರ ತಿದ್ದದೆ ಹಾಕುತ್ತಿದ್ದೇನೆ:

ಇಲ್ಲವಾದನು ಎಂದು ಕುಂಪಣಿ
ಸೊಲ್ಲು ಬರೆಯಿತು ಕಡತದೊಳಗಡೆ
ಒಲ್ಲೆವೆಂದಿತು ಊರ ಮಂದಿಯು ಆಲದಡಿ ನಿಂತು
ಎಲ್ಲ ಅಮ್ಮರು ಹರಕೆ ಹೊತ್ತರು
ಹಲ್ಲು ಬಾರದ ಕೂಸ ಬೇಡುತ
ಗಲ್ಲುಮರದಲಿ ತೊಟ್ಟಿಲಾಡಿತು ಜೋಜೊ ಜೋಯೆನುತ

ಖಾನಾಪುರದ ಅಕ್ಕ:
ಹಲ್ಲು ಬಾರದ ಕೂಸು! ಏನು ಹೇಳಲಿ.

ಶಿವಮೊಗ್ಗದ ಅಣ್ಣ:
ನನ್ನ ಬಡಗಿ ಉಳಿ ಕೆಳಗಿಟ್ಟ.

ಮೇಷ್ಟ್ರು:
ಎರಡು ಮಾತು. ಒಂದು, ‘ಅಮ್ಮರು’ ತಪ್ಪು, ‘ಅಮ್ಮಂದಿರು’ ಆಗಬೇಕು. ಮಾತ್ರೆಗೆ ಹೊಂದಬೇಕಾದರೆ ‘ಎಲ್ಲ ತಾಯ್ಗಳು’ ಹಾಕಲಿ. ಎರಡು, ಕಡತ. ಏಳನೇ ಪದ್ಯದಲ್ಲಿ ದಫ್ತರ ಸುಟ್ಟವನನ್ನು ಹತ್ತನೇ ಪದ್ಯದಲ್ಲಿ ಕಡತದಲ್ಲೇ ಮುಗಿಸಲು ನೋಡುತ್ತಾರೆ. ಇದನ್ನು ಬೇಕಂತಲೇ ಮಾಡಿದನೋ, ತಾನಾಗಿ ಬಂತೋ ಕೇಳಿ ಹೇಳಿ.

ಚಿಕ್ಕಮ್ಮ:
ಕೇಳಿದೆ. ‘ಲ್ಲ ಪ್ರಾಸಕ್ಕೆ ಸೊಲ್ಲು ಸಿಕ್ಕಿತು, ಸೊಲ್ಲು ಬರೆಯೋಕೆ ಕಡತ ಬೇಕಾಯಿತು’ ಎನ್ನುತ್ತಾನೆ! ‘ಅಮ್ಮರು’ ಬದಲಿಸುವುದಿಲ್ಲವಂತೆ. ಅಜ್ಜಿಗೆ ಓದಿ ಹೇಳಿದಾಗ ‘ತಾಯ್ಗಳು’ ಅಂದರೆ ಅವರಿಗೆ ಯಾರೋ ಬೇರೆಯವರು ಅನ್ನಿಸುತ್ತದಂತೆ.

ಮೇಷ್ಟ್ರು:
ಹಾಗಾದರೆ ಇರಲಿ. ಅವನ ಟೀಚರ್ ಕೆಂಪು ಗೆರೆ ಎಳೆದರೆ ಅದೊಂದಕ್ಕೆ ಎಳೆಯಲಿ. ಮುಂದಿನ ವಾರದ ಸಮಸ್ಯೆ ಅವನೇ ಕೊಡಬೇಕು, ಅದೂ ವಾರ್ಧಕದಲ್ಲಿ. ನನ್ನ ಹಟ.

ಚಿಕ್ಕಮ್ಮ:
ಕೊಟ್ಟ. ನನ್ನ ಮುಖ ನೋಡಿಕೊಂಡೇ ಕೊಟ್ಟ:

ಹೋಂವರ್ಕು ಬರೆದವರು ಯಾರೆಂದು ಕೇಳಿದರೆ

ಪಂಡಿತರ ಮಗಳು:
ಐದೈದು ಸರಿಯಾಗಿದೆ, ತುಂಟ! ಆದರೆ ಅನುಸ್ವಾರದ ಮೇಲೆ ವಕಾರ. ಈ ಪ್ರಾಸಕ್ಕೆ ಕನ್ನಡದಲ್ಲಿ ಎಲ್ಲಿಗೆ ಹೋಗಿ ಹುಡುಕೋಣ?

ಖಾನಾಪುರದ ಅಕ್ಕ:
ಸಂವಿಧಾನ ಇದೆಯಲ್ರೀ. ಜನವರಿ 26 ಹೇಗೂ ಅವನ ಮೊದಲ ಪದ್ಯದಲ್ಲೇ ಬಂದಿದೆ.