ಒಪ್ಪಿದೀನೋ, ಒಪ್ಪಿಸಿದೀನೋ, ದಾನ ಕೊಟ್ಟಿದೀನೋ? ಸಮ್ಮತಿ ಪತ್ರದ ಪದಗಳ ಬಗ್ಗೆ

ಎಲ್ರಿಗೂ ನಮಸ್ಕಾರ. ಬೇರೆಯವರದ್ದನ್ನ ನಂಬಿಕೆ ಮೇಲೆ ಕಾಯ್ಕೊಂಡಿರೋರಿಗೆ ಒಂದು ಪದ ಸಿಗ್ತಾ ಇಲ್ಲ, ನಾಕು ದಿನದಿಂದ ತಲೆ ಕೆಡಿಸ್ಕೊಂಡು ಕೂತಿದೀನಿ, ಸಹಾಯ ಬೇಕು.

ಒಂದು ಆಸ್ಪತ್ರೆಯ ಸಂಶೋಧನೆಗೆ ರೋಗಿಗಳು ಸಹಿ ಹಾಕೋ ಸಮ್ಮತಿ ಪತ್ರದ ಕನ್ನಡ ತಿದ್ದಿಕೊಡ್ತಾ ಇದೀನಿ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಚೂರು, ಟೆಸ್ಟ್ ಮಾಡಿ ಉಳಿದ ರಕ್ತ ಇಂಥದ್ದನ್ನೆಲ್ಲ ಫ್ರೀಜರ್‌ನಲ್ಲಿ ಕಾಪಾಡಿಟ್ಟು ಮುಂದೆ ಬೇರೆ ಬೇರೆ ಅಧ್ಯಯನಕ್ಕೆ ಬಳಸ್ತಾರೆ, ಅದಕ್ಕೆ ಈ ಪತ್ರ. ನನಗೆ ಬಂದ ಕರಡಲ್ಲಿ "ನನ್ನ ಅಂಗಾಂಶವನ್ನು ಸ್ವಇಚ್ಛೆಯಿಂದ ದಾನ ಮಾಡಿರುತ್ತೇನೆ" ಅಂತಿದೆ, ಅದರ ಕೆಳಗೇ "ಯಾವಾಗ ಬೇಕಾದರೂ ಹಿಂಪಡೆಯಬಹುದು" ಅಂತಾನೂ ಇದೆ. ದಾನ ಕೊಟ್ಟದ್ದನ್ನ ವಾಪಸ್ ಕೇಳೋದುಂಟಾ ನಮ್ಮಲ್ಲಿ? 'ನ ಮಮ' (ಇನ್ನು ನನ್ನದಲ್ಲ) ಅಂದು ನೀರು ಬಿಟ್ಟ ಮೇಲೆ ಮುಗೀತು. ರಕ್ತದಾನ, ನೇತ್ರದಾನಕ್ಕೆ ಆ ಪದ ಸರಿಯಾಗೇ ಇದೆ. ಆದ್ರೆ ಸಂಶೋಧನೆಗೆ ತೆಗೆದಿಟ್ಟ ಸ್ಯಾಂಪಲ್ ಬಗ್ಗೆ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳೋದೇ ಬೇರೆ, ಸ್ಯಾಂಪಲ್ಲಿನ ಒಡೆತನ ಕೊಟ್ಟವರದ್ದೇ, ಬೇಡ ಅನ್ನಿಸಿದ್ರೆ ಹಿಂದಕ್ಕೆ ತಗೋಬಹುದು, ಸಂಸ್ಥೆ ಅದನ್ನ ಬರೀ ಕಾಯ್ಕೊಂಡಿರಬೇಕು ಅಂತ. ಹಾಗಿದ್ಮೇಲೆ 'ದಾನ' ಅಂತ ಬರೆದ್ರೆ ಅವರ ಒಡೆತನಾನ ನಾವೇ ಪದದಲ್ಲಿ ಕಿತ್ಕೊಂಡ ಹಾಗಲ್ವಾ?

ಇದನ್ನ ಯೋಚಿಸ್ತಾ ಇರೋವಾಗ ಒಂದು ವಿಷಯ ಹೊಳೀತು. ನಾವು "ನನಗೆ ಎರಡು ಕೈ ಇದೆ" ಅಂತೀವಿ, "ನನ್ನ ಹತ್ರ ಎರಡು ಕೈ ಇದೆ" ಅನ್ನಲ್ಲ. ಸೈಕಲ್ಲು, ದುಡ್ಡು ಆದ್ರೆ "ನನ್ನ ಹತ್ರ". ಅಂದ್ರೆ ಮೈಯ ಭಾಗ ಬೇರೆ, ವಸ್ತು ಬೇರೆ ಅಂತ ಕನ್ನಡ ವಿಭಕ್ತಿಯಲ್ಲೇ ಗೆರೆ ಎಳೆದಿದೆ. ಆದ್ರೆ ಕತ್ತರಿಸಿ ತೆಗೆದ ಮೇಲೆ "ಲ್ಯಾಬಿನವರ ಹತ್ರ ನನ್ನ ರಕ್ತ ಇದೆ" ಅಂತೀವಿ. 'ಹತ್ರ' ಅವರದ್ದಾಯ್ತು, 'ನನ್ನ' ಅನ್ನೋದು ಮಾತ್ರ ಹೋಗಲಿಲ್ಲ ನೋಡಿ.

ಅಮೆರಿಕದ ಜಾನ್ ಮೂರ್ ಕೇಸು ನಿಂತಿದ್ದು ಇದೇ ಗೆರೆ ಮೇಲೆ. 1976ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಕ್ತದ ಕ್ಯಾನ್ಸರಿಗೆ ಅವರ ಗುಲ್ಮ (ಸ್ಪ್ಲೀನ್) ತೆಗೆದ್ರು, ಆಮೇಲೆ ಏಳು ವರ್ಷ ಸಿಯಾಟಲ್‌ನಿಂದ ಬಂದು ಬಂದು ರಕ್ತ, ಚರ್ಮ, ಅಸ್ಥಿಮಜ್ಜೆ ಕೊಟ್ಟು ಹೋದ್ರು ಪಾಪ, ಎಲ್ಲ ಚಿಕಿತ್ಸೆಗೇ ಅಂದ್ಕೊಂಡು. ಅಷ್ಟರಲ್ಲಿ ಡಾಕ್ಟರು ಆ ಜೀವಕೋಶಗಳನ್ನ ಬೆಳೆಸಿ 'ಮೋ' ಅಂತ ಹೆಸರಿಟ್ಟಿದ್ರು, 1984ರಲ್ಲಿ ಪೇಟೆಂಟೂ ಬಂತು. 1990ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು, ತೆಗೆದ ಜೀವಕೋಶ ನನ್ನ ಸ್ವತ್ತು, ಅದನ್ನ ಕಬಳಿಸಿದ್ರು ಅನ್ನೋ ವಾದ ನಿಲ್ಲಲ್ಲ, ಆದ್ರೆ ತನಗಿರೋ ಸಂಶೋಧನೆ ಮತ್ತು ದುಡ್ಡಿನ ಲಾಭಾನ ಡಾಕ್ಟರು ಮೊದಲೇ ಹೇಳದೆ ಒಪ್ಪಿಗೆ ತಗೊಂಡ್ರು ಅಂತ ದಾವೆ ಹೂಡಬಹುದು ಅಂತು. ಒಡೆತನ ಇಲ್ಲ, ಒಪ್ಪಿಗೆ ಉಂಟು.

ನನಗೆ ತುಂಬ ಕಾಡಿದ್ದು ಅದಕ್ಕೂ ಹಿಂದಿನ ಸಂಗತಿ. 1983ರಲ್ಲಿ ಮೂರ್ ಮುಂದೆ ಒಂದು ಫಾರ್ಮು ಇಟ್ರು, ನನ್ನ ರಕ್ತ, ಮಜ್ಜೆಯಿಂದ ಏನೇ ತಯಾರಾದ್ರೂ ಅದರ ಹಕ್ಕೆಲ್ಲ ವಿಶ್ವವಿದ್ಯಾಲಯಕ್ಕೆ ಕೊಡ್ತೀನಿ ಅಥವಾ ಕೊಡಲ್ಲ, ಎರಡರಲ್ಲಿ ಒಂದಕ್ಕೆ ಸುತ್ತು ಹಾಕಬೇಕು. ಮೊದಲ ಸಲ ಒಪ್ಪಿದ್ರು, ಇನ್ನೊಂದು ಸಲ ಬಂದಾಗ 'ಕೊಡಲ್ಲ' ಅನ್ನೋದಕ್ಕೆ ಸುತ್ತು ಹಾಕಿದ್ರು. ಆ ಫಾರ್ಮು ಕನ್ನಡದಲ್ಲಿದ್ದಿದ್ರೆ ಯಾವ ಕ್ರಿಯಾಪದ ಇರ್ತಿತ್ತು?

ನಮ್ಮಲ್ಲಿ 'ಒಪ್ಪು' ಮತ್ತು 'ಒಪ್ಪಿಸು' ಒಂದೇ ಬೇರಿನವು. ಪರೀಕ್ಷೆಗೆ ಒಪ್ಪೋದು ಒಂದು, ತೆಗೆದ ಚೂರನ್ನ ಅವರ ಕೈಗೆ ಒಪ್ಪಿಸೋದು ಇನ್ನೊಂದು. ಒಂದೇ ಸಹಿಯಲ್ಲಿ ಎರಡನ್ನೂ ಸೇರಿಸೋದರಿಂದಲೇ ಗೊಂದಲ ಅಂತ ನನಗನ್ಸುತ್ತೆ. ಆದ್ರೂ 'ಒಪ್ಪಿಸು' ನನಗೆ ಇಷ್ಟ, ಯಾಕಂದ್ರೆ ಅದು 'ಪರಭಾರೆ' ಅಲ್ಲ, ಅಂದ್ರೆ ಹಕ್ಕನ್ನೇ ಬೇರೆಯವರಿಗೆ ಬಿಟ್ಟುಕೊಡೋದಲ್ಲ. ಮದುವೆಯಲ್ಲಿ ಹೆಣ್ಣೊಪ್ಪಿಸೋವಾಗ ಅಪ್ಪ ಅಮ್ಮ ಕಣ್ಣೀರಲ್ಲಿ ಹೇಳೋದು "ಚೆನ್ನಾಗಿ ನೋಡ್ಕೊಳ್ಳಿ" ಅಂತಲ್ವಾ, ಮಗಳು ಇನ್ನು ನಮ್ಮೋಳಲ್ಲ ಅಂತ ಅಲ್ಲವಲ್ಲ. (ಹೆಣ್ಣನ್ನ ವಸ್ತುವಿಗೆ ಹೋಲಿಸ್ತಾ ಇಲ್ಲ, ಕ್ರಿಯಾಪದದೊಳಗಿನ ಭಾರ ತೋರಿಸ್ತಿದೀನಿ ಅಷ್ಟೇ.) ಆದ್ರೆ "ಪೊಲೀಸರಿಗೆ ಒಪ್ಪಿಸಿದ್ರು" ಅನ್ನೋದೂ ಇದೇ ಪದ, ಅದಕ್ಕೇ ಹಿಂಜರಿಕೆ.

'ತಿಳಿವಳಿಕೆಯುಕ್ತ ಸಮ್ಮತಿ' ತೆಗೆದು 'ತಿಳಿದು ಕೊಟ್ಟ ಒಪ್ಪಿಗೆ' ಮಾಡಿದೀನಿ. 'ಅಂಗಾಂಶ' ಅಂತ ನಮ್ಮತ್ತೆಗೆ ಓದಿ ಹೇಳಿದ್ರೆ "ಕೈಕಾಲು ತೆಗೀತಾರಾ?" ಅಂತ ಗಾಬರಿಯಾದ್ರು, ಹಾಗಾಗಿ "ಮೈಯಿಂದ ತೆಗೆದ ಚೂರು" ಅಂತ ಬರೆದು ಅಂಗಾಂಶ ಅನ್ನೋದನ್ನ ಒಂದೇ ಕಡೆ ಉಳಿಸಿದೀನಿ.

ಸಿಗದೇ ಇರೋದು ಆ ಕಾಯ್ಕೊಂಡಿರೋರಿಗೆ ಪದ. 'ಪಾಲಕ' ಅಂದ್ರೆ ಮಕ್ಕಳ ತಂದೆತಾಯಿ ನೆನಪಾಗ್ತಾರೆ, 'ಉಸ್ತುವಾರಿ' ಅಂದ್ರೆ ಜಿಲ್ಲಾ ಮಂತ್ರಿ. 'ಸ್ವಾಧೀನದಾರ' ಅಂದ್ರೆ ಜಮೀನು ವ್ಯಾಜ್ಯದ ವಾಸನೆ, ಅಲ್ಲೂ ಸ್ವಾಧೀನ ಬೇರೆ ಮಾಲೀಕತ್ವ ಬೇರೆ ಅನ್ನೋದು ನಿಜ, ಆದ್ರೆ ನಂಬಿಕೆ ಅನ್ನೋ ಅರ್ಥ ಇಲ್ಲ. ಸದ್ಯಕ್ಕೆ ಹೀಗೆ ಬರೆದಿದೀನಿ: "ಈ ಚೂರು ನನ್ನದೇ, ಇವರಿಗೆ ನಂಬಿ ಒಪ್ಪಿಸಿದ್ದೇನೆ, ಬೇಡವೆನಿಸಿದರೆ ಹಿಂದಕ್ಕೆ ಕೇಳುತ್ತೇನೆ." ಬೇರೆಯವರ ವಸ್ತುವನ್ನ ನಂಬಿಕೆ ಮೇಲೆ ಇಟ್ಕೊಂಡೋರಿಗೆ ನಿಮ್ಮೂರ ಕಡೆ, ಮುಖ್ಯವಾಗಿ ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು, ಮನೆಮಾತಲ್ಲಿ ಏನಂತೀರಿ?